ಟೇರ್ ಮತ್ತು ಟ್ರೆಟ್: ತೂಕದಲ್ಲಿ ಕಳೆಯುವ ಎರಡು ಲೆಕ್ಕಗಳು ಮತ್ತು ಅವು ಸಾಹಿತ್ಯಕ್ಕೆ ಬಂದ ಬಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಹಳೆಯ ಇಂಗ್ಲಿಷ್ ಗದ್ಯವನ್ನು ಓದುವವರಿಗೆ ‘ಟೇರ್ ಆ್ಯಂಡ್ ಟ್ರೆಟ್’ ಎಂಬ ಜೋಡಿ ಮಾತು ಒಮ್ಮೆಯಾದರೂ ಎದುರಾಗುತ್ತದೆ. ಯಾವುದೋ ಅಂಗಡಿಯ ಲೆಕ್ಕವಿರಬೇಕೆಂದು ಊಹಿಸಿ ಮುಂದೆ ಹೋಗುವವರೇ ಹೆಚ್ಚು. ಆ ಮಾತನ್ನು ಬಿಡಿಸಿ ನೋಡಿದರೆ ಓದಿದ ಪುಟವೇ ಬೇರೆಯಾಗಿ ಕಾಣುತ್ತದೆಂಬ ನಂಬಿಕೆಯಿಂದ, ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಟೇರ್ ಎಂದರೇನು, ಟ್ರೆಟ್ ಎಂದರೇನು?

ಸರಕನ್ನು ತುಂಬಿದ ಚೀಲ, ಪೆಟ್ಟಿಗೆ ಅಥವಾ ಪೀಪಾಯಿಯ ತೂಕವೇ ಟೇರ್. ಕೊಳ್ಳುವವನಿಗೆ ಬೇಕಾಗಿರುವುದು ಸಕ್ಕರೆಯೇ ಹೊರತು ಪೀಪಾಯಿಯಲ್ಲ. ಆದ್ದರಿಂದ ಒಟ್ಟು ತೂಕದಲ್ಲಿ ಪೀಪಾಯಿಯ ತೂಕವನ್ನು ಮೊದಲು ಕಳೆಯುತ್ತಿದ್ದರು. ಹಾಗೆ ಕಳೆದ ಮೇಲೆ ಉಳಿದ ಸರಕಿನಲ್ಲಿಯೂ ಧೂಳು, ಕಸ, ಪುಡಿ, ಸಾಗಣೆಯಲ್ಲಿ ಸೋರಿ ಹೋಗುವ ಭಾಗ ಇವೆಲ್ಲ ಸೇರಿರುತ್ತವೆ. ಅದಕ್ಕೆಂದು ಬಿಟ್ಟುಕೊಡುತ್ತಿದ್ದ ರಿಯಾಯಿತಿಯ ಹೆಸರು ಟ್ರೆಟ್. ಇಂಗ್ಲೆಂಡಿನ ವ್ಯಾಪಾರಿಗಳಲ್ಲಿ ಅದರ ಪ್ರಮಾಣ ಖಚಿತವಾಗಿತ್ತು: ಪ್ರತಿ 104 ಪೌಂಡಿಗೆ 4 ಪೌಂಡು, ಅಂದರೆ ಇಪ್ಪತ್ತಾರರಲ್ಲಿ ಒಂದು ಭಾಗ. ಕೊಳ್ಳುವವನು 104 ಪೌಂಡು ಸರಕನ್ನು ಒಯ್ದು 100 ಪೌಂಡಿಗೆ ಹಣ ಕೊಡುತ್ತಿದ್ದ.

ಟೇರ್ ಕಣ್ಣಿಗೆ ಕಾಣುವ ವಸ್ತುವಿನ ತೂಕ. ಚೀಲವನ್ನು ಬರಿದು ಮಾಡಿ ತಕ್ಕಡಿಗೆ ಹಾಕಿದರೆ ಅದು ಎಷ್ಟೆಂದು ತಿಳಿಯುತ್ತದೆ. ಟ್ರೆಟ್ ಹಾಗಲ್ಲ. ಇನ್ನೂ ಆಗದ, ಆದರೆ ಆಗಿಯೇ ತೀರುವ ನಷ್ಟವನ್ನು ಇಬ್ಬರೂ ಮೊದಲೇ ಒಪ್ಪಿಕೊಂಡು ಅದಕ್ಕೊಂದು ಅಂಕಿ ಕಟ್ಟುವುದು ಟ್ರೆಟ್. ಈ ಭೇದವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಸಾಹಿತ್ಯದ ವಿಷಯಕ್ಕೆ ಬಂದಾಗ ಇದೇ ಮುಖ್ಯವಾಗುತ್ತದೆ.

ಪ್ರಶ್ನೆ: ಲೆಕ್ಕವನ್ನು ಒಂದು ಉದಾಹರಣೆಯೊಂದಿಗೆ ತೋರಿಸಬಹುದೇ?

ತೋರಿಸಬಹುದು; ಆದರೆ ಅದಕ್ಕೆ ಮೊದಲು ಇನ್ನೆರಡು ಪದಗಳು ಬೇಕು. ಟೇರ್ ಕಳೆದ ಮೇಲೆ, ಟ್ರೆಟ್ ಕಳೆಯುವ ಮೊದಲು ಇರುವ ತೂಕವನ್ನು ‘ಸಟಲ್’ ಎನ್ನುತ್ತಿದ್ದರು. ಟ್ರೆಟ್ ಕಳೆದ ಮೇಲೆ ‘ಕ್ಲಾಫ್’ ಎಂಬ ಮತ್ತೊಂದು ಸಣ್ಣ ಕಡಿತವಿತ್ತು: ಪ್ರತಿ 3 ಹಂಡ್ರೆಡ್‌ವೇಟಿಗೆ 2 ಪೌಂಡು. ಒಂದು ಹಂಡ್ರೆಡ್‌ವೇಟ್ ಎಂದರೆ 112 ಪೌಂಡು; ಆದ್ದರಿಂದ ಕ್ಲಾಫ್ 168ರಲ್ಲಿ ಒಂದು ಭಾಗವಾಗುತ್ತದೆ. ಸಗಟಾಗಿ ಕೊಂಡ ಸರಕನ್ನು ಚಿಲ್ಲರೆಯಾಗಿ ಮಾರುವಾಗ ಪ್ರತಿ ಸಲವೂ ತಕ್ಕಡಿಯ ತಟ್ಟೆ ಗಿರಾಕಿಯ ಕಡೆಗೆ ಸ್ವಲ್ಪ ಜಗ್ಗಲೇಬೇಕಲ್ಲವೇ, ಹಾಗೆ ಚೂರು ಚೂರಾಗಿ ಹೋಗುವ ತೂಕಕ್ಕೆ ಇದು ಪರಿಹಾರ.

ಈಗ 21 ಪೀಪಾಯಿ ಸಕ್ಕರೆ ಬಂದಿದೆಯೆಂದುಕೊಳ್ಳೋಣ. ಒಂದೊಂದರ ಒಟ್ಟು ತೂಕ 2 ಹಂಡ್ರೆಡ್‌ವೇಟ್. ಎಲ್ಲ ಸೇರಿ 42 ಹಂಡ್ರೆಡ್‌ವೇಟ್, ಅಂದರೆ 4,704 ಪೌಂಡು. ಬರಿದಾದ ಪೀಪಾಯಿ ಒಂದಕ್ಕೆ 16 ಪೌಂಡಿನಂತೆ ಟೇರ್ 336 ಪೌಂಡು. ಕಳೆದರೆ ಸಟಲ್ 4,368 ಪೌಂಡು. ಇದರ ಇಪ್ಪತ್ತಾರನೆಯ ಒಂದು ಭಾಗವಾದ 168 ಪೌಂಡು ಟ್ರೆಟ್. ಉಳಿದದ್ದು 4,200 ಪೌಂಡು. ಅದರಲ್ಲಿ 168ರಲ್ಲಿ ಒಂದು ಭಾಗ, ಅಂದರೆ 25 ಪೌಂಡು ಕ್ಲಾಫ್. ಕೊನೆಗೆ ಹಣ ಕೊಡಬೇಕಾದ ನಿವ್ವಳ ತೂಕ 4,175 ಪೌಂಡು. ಒಟ್ಟು 529 ಪೌಂಡು ಕಳೆದಿದೆ, ನೂರಕ್ಕೆ ಹನ್ನೊಂದಕ್ಕಿಂತ ಸ್ವಲ್ಪ ಹೆಚ್ಚು. ಅಂಕಿಗಳು ಭಿನ್ನರಾಶಿಯಿಲ್ಲದೆ ಬರಲೆಂದು ಉದಾಹರಣೆಯನ್ನು ನಾನೇ ಹೊಂದಿಸಿದ್ದೇನೆ. ನಿಜವಾದ ಪಟ್ಟಿಗಳಲ್ಲಿ ಟನ್ನು, ಹಂಡ್ರೆಡ್‌ವೇಟ್, ಕ್ವಾರ್ಟರ್, ಪೌಂಡು, ಔನ್ಸುಗಳಲ್ಲಿ ಬರೆದ ತೂಕವನ್ನು ಹೀಗೆ ಮೂರು ಸಲ ಕಳೆಯುತ್ತಾ ಹೋಗಬೇಕಿತ್ತು.

ಪ್ರಶ್ನೆ: ಸರಕು ತುಂಬಿರುವಾಗ ಪೀಪಾಯಿಯ ತೂಕ ಹೇಗೆ ತಿಳಿಯುತ್ತಿತ್ತು?

ಮೂರು ದಾರಿಗಳಿದ್ದವು. ಪ್ರತಿಯೊಂದನ್ನೂ ಬರಿದು ಮಾಡಿ ತೂಗಿದರೆ ಅದು ನಿಜವಾದ ಟೇರ್. ಕೆಲವನ್ನು ಮಾತ್ರ ತೂಗಿ ಉಳಿದವಕ್ಕೆ ಅದನ್ನೇ ಅನ್ವಯಿಸಿದರೆ ಸರಾಸರಿ ಟೇರ್. ಇಂಥ ಸರಕಿನ ಇಂಥ ಚೀಲಕ್ಕೆ ಇಷ್ಟೆಂದು ವಾಡಿಕೆಯಿಂದ ನಿಗದಿಯಾದದ್ದು ರೂಢಿಯ ಟೇರ್. ಸರಕು ಬಿಚ್ಚಿದರೆ ಕೆಡುವಂಥದಾಗಿದ್ದರೆ ಮೂರನೆಯದೇ ಗತಿ. ವಾದ ಹುಟ್ಟುತ್ತಿದ್ದುದೂ ಮೂರನೆಯದರಲ್ಲಿಯೇ.

ಪ್ರಶ್ನೆ: ಈ ಪದಗಳ ಮೂಲ ಯಾವುದು?

ಟೇರ್ ಎಂಬುದು ಅರಬ್ಬಿಯಿಂದ ಬಂದದ್ದು. ಅಲ್ಲಿನ ‘ತರ್ಹ’ ಎಂದರೆ ಎಸೆದದ್ದು, ತೆಗೆದುಹಾಕಿದ್ದು. ಮೆಡಿಟರೇನಿಯನ್ ಸಮುದ್ರದ ವ್ಯಾಪಾರದಲ್ಲಿ ಅರಬ್ಬಿ ಲೆಕ್ಕದ ಮಾತುಗಳು ಇಟಲಿಯ ಬಂದರುಗಳಿಗೆ ಬಂದವು, ಅಲ್ಲಿಂದ ಫ್ರೆಂಚಿಗೆ ಹೋದವು. 15ನೇ ಶತಮಾನದ ಕೊನೆಯ ಹೊತ್ತಿಗೆ ಈ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತದೆ. ಕನ್ನಡ ಓದುಗರಿಗೆ ಇಲ್ಲಿ ಒಂದು ಸಂತೋಷದ ಸಂಗತಿಯಿದೆ. ಅದೇ ಅರಬ್ಬಿ ಧಾತುವಿನ ಇನ್ನೊಂದು ಕವಲು ಪಾರಸಿ ಮತ್ತು ಉರ್ದುವಿನ ಮೂಲಕ ರೀತಿ, ಬಗೆ ಎಂಬ ಅರ್ಥದಲ್ಲಿ ನಮ್ಮಲ್ಲಿಗೆ ಬಂದಿದೆ. ‘ಈ ತರಹ’ ಎಂದಾಗ, ‘ತರಹೇವಾರಿ ಸೀರೆಗಳು’ ಎಂದಾಗ ನಾವು ಆಡುವುದು ಟೇರ್ ಎಂಬುದರ ದೂರದ ಬಂಧುವನ್ನೇ.

ಟ್ರೆಟ್ ಹಳೆಯ ಫ್ರೆಂಚಿನ, ಎಳೆತ ಎಂಬರ್ಥದ ಪದದಿಂದ ಬಂದದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಕ್ಕಡಿಯ ಒಂದು ತಟ್ಟೆ ಕೆಳಕ್ಕೆ ಎಳೆಯುವುದನ್ನು ಅದು ಸೂಚಿಸುತ್ತದೆ. ‘ಸ್ವಲ್ಪ ಜಗ್ಗುವ ಹಾಗೆ ತೂಗಪ್ಪ’ ಎಂದು ಸಂತೆಯಲ್ಲಿ ಕೇಳುವವರ ಬಾಯಲ್ಲಿರುವ ಚಿತ್ರವೂ ಇದೇ.

ಪ್ರಶ್ನೆ: ಬೈಬಲ್ಲಿನ ಇಂಗ್ಲಿಷ್ ಅನುವಾದದಲ್ಲಿ ಗೋಧಿಯ ನಡುವೆ ಶತ್ರು ಬಿತ್ತಿದ ‘ಟೇರ್’ ಇದೇ ಏನು?

ಅಲ್ಲ. ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಬರುವುದು ಕಳೆಗಿಡದ ಹೆಸರು. ಕಾಗುಣಿತ ಒಂದೇ ಆದರೂ ಮೂಲ ಬೇರೆ. ಹಾಗೆಯೇ 19ನೇ ಶತಮಾನದ ಐರಿಷ್ ಕಾದಂಬರಿಗಳ ಪಾತ್ರಗಳು ಬೆಚ್ಚಿಬಿದ್ದಾಗ ಕೂಗುವ ‘ಟೇರ್ ಆ್ಯನ್ ಔನ್ಸ್’ ಎಂಬ ಉದ್ಗಾರಕ್ಕೂ ತೂಕಕ್ಕೂ ಸಂಬಂಧವಿಲ್ಲ. ಔನ್ಸ್ ಎಂಬ ಸದ್ದು ಕೇಳಿ ಅದು ತೂಕದ ಮಾತೆಂದು ಅನಿಸುವುದು ಸಹಜ. ಆದರೆ ಅದು ಕ್ರಿಸ್ತನ ಕಣ್ಣೀರು ಮತ್ತು ಗಾಯಗಳ ಮೇಲೆ ಇಡುವ ಆಣೆಯ ಸವೆದ ರೂಪ.

ಪ್ರಶ್ನೆ: ಉಗ್ರಾಣದ ಮಾತು ಸಾಹಿತಿಗಳ ಕೈಗೆ ಹೇಗೆ ಸಿಕ್ಕಿತು?

ಶಾಲೆಯ ಮೂಲಕ. 1678ರಲ್ಲಿ, ಕರ್ತೃವಿನ ಮರಣದ ನಂತರ, ಪ್ರಕಟವಾದ ಎಡ್ವರ್ಡ್ ಕಾಕರನ ಅಂಕಗಣಿತ ಇಂಗ್ಲೆಂಡಿನಲ್ಲಿ ಎಷ್ಟು ಮನೆಮಾತಾಯಿತೆಂದರೆ, ‘ಕಾಕರ್ ಹೇಳಿದಂತೆ’ ಎಂದರೆ ಲೆಕ್ಕ ಸರಿಯಾಗಿದೆ ಎಂದೇ ಅರ್ಥವಾಯಿತು. 1751ರಲ್ಲಿ ಬಂದ ಫ್ರಾನ್ಸಿಸ್ ವಾಕಿಂಗೇಮನ ಪಠ್ಯ ಒಂದು ಶತಮಾನಕ್ಕೂ ಹೆಚ್ಚು ಕಾಲ ಮರುಮುದ್ರಣವಾಗುತ್ತಲೇ ಇತ್ತು. ಇಂಥ ಪುಸ್ತಕಗಳಲ್ಲಿ ತ್ರೈರಾಶಿ, ಬಡ್ಡಿ, ಲಾಭ ನಷ್ಟ ಇವುಗಳ ಸಾಲಿನಲ್ಲಿ ಟೇರ್ ಮತ್ತು ಟ್ರೆಟ್ಟಿಗೂ ಒಂದು ಪಾಠವಿತ್ತು. ಮುಂದೆ ಪೀಪಾಯಿಯನ್ನೇ ಮುಟ್ಟದ ಹುಡುಗರೂ ಅದನ್ನು ಬಾಯಿಪಾಠ ಮಾಡಬೇಕಿತ್ತು. ನಮ್ಮ ಹಿಂದಿನ ತಲೆಮಾರಿನವರಿಗೆ ಕಾಲುವೀಸ, ಅರೆವೀಸದ ಮಗ್ಗಿ ಹೇಗೋ ಅಲ್ಲಿಯವರಿಗೆ ಇದು ಹಾಗೆ. ಎರಡು ಗಿಡ್ಡ ಪದಗಳು, ಒಂದೇ ಅಕ್ಷರದ ಆರಂಭ, ನಾಲಗೆಗೆ ಸಿಕ್ಕುವ ಲಯ. ಅರ್ಥ ಮರೆತರೂ ಸದ್ದು ಉಳಿಯಿತು. ಹಾಗಾಗಿ ಲೇಖಕನೊಬ್ಬ ‘ಟೇರ್ ಮತ್ತು ಟ್ರೆಟ್’ ಎಂದು ಬರೆದ ಕ್ಷಣ ಓದುಗನಿಗೆ ಮಳಿಗೆಯ ವಾಸನೆಯೂ ಶಾಲೆಯ ಸ್ಲೇಟೂ ಒಟ್ಟಿಗೆ ನೆನಪಾಗುತ್ತಿದ್ದವು.

ಪ್ರಶ್ನೆ: ಇದರ ಅತ್ಯುತ್ತಮ ಸಾಹಿತ್ಯಿಕ ಬಳಕೆ ಯಾವುದು?

ನನ್ನ ದೃಷ್ಟಿಯಲ್ಲಿ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1854ರಲ್ಲಿ ಪ್ರಕಟಿಸಿದ ‘ವಾಲ್ಡನ್’ ಕೃತಿಯಲ್ಲಿ ಇರುವುದು. ಕನ್ನಡಿಗರಲ್ಲಿ ಅನೇಕರು ಗಾಂಧೀಜಿಯವರ ಮೂಲಕ ಥೋರೋನನ್ನು ಬಲ್ಲರು. ಆದರೆ ಅವನನ್ನು ಕಾಡಿನ ಏಕಾಂತವಾಸಿಯೆಂದು ಮಾತ್ರ ತಿಳಿದವರಿಗೆ ‘ಮಿತವ್ಯಯ’ ಎಂಬ ಅರ್ಥದ ಹೆಸರುಳ್ಳ ಮೊದಲ ಅಧ್ಯಾಯ ಅಚ್ಚರಿ ತರುತ್ತದೆ. ತಾನು ಸದಾ ಕಟ್ಟುನಿಟ್ಟಾದ ವ್ಯಾಪಾರದ ಅಭ್ಯಾಸಗಳನ್ನು ರೂಢಿಸಿಕೊಳ್ಳಲು ಯತ್ನಿಸಿದ್ದೇನೆ ಎಂದು ಅಲ್ಲಿ ಹೇಳುತ್ತಾನೆ. ಚೀನಾದೊಂದಿಗೆ ವ್ಯಾಪಾರ ಮಾಡುವವನಿಗೆ ಸೇಲಮ್ ಬಂದರಿನಂಥ ಕಡೆ ಒಂದು ಸಣ್ಣ ಲೆಕ್ಕದ ಕೋಣೆ ಸಾಕು ಎನ್ನುತ್ತಾನೆ. ಹಡಗಿನ ಕಪ್ತಾನನೂ, ಒಡೆಯನೂ, ವಿಮೆಗಾರನೂ ತಾನೇ ಆಗಬೇಕು, ಬಂದ ಪ್ರತಿ ಪತ್ರವನ್ನೂ ತಾನೇ ಓದಬೇಕು ಎಂದು ಉದ್ದವಾದ ಒಂದು ಪಟ್ಟಿಯನ್ನು ಹೆಣೆಯುತ್ತಾ ಹೋಗಿ, ಲಾಭ ನಷ್ಟ, ಬಡ್ಡಿ, ಟೇರ್ ಮತ್ತು ಟ್ರೆಟ್, ಅಳತೆಗಳು ಇವೆಲ್ಲ ಮನುಷ್ಯನ ಸಮಸ್ತ ಶಕ್ತಿಯನ್ನೂ ವಿಶ್ವದ ಜ್ಞಾನವನ್ನೂ ಬೇಡುವ ಸಮಸ್ಯೆಗಳೆಂದು ಮುಗಿಸುತ್ತಾನೆ.

ಅವನು ಹೇಳುತ್ತಿರುವುದು ವಾಲ್ಡನ್ ಎಂಬ ಕೊಳದ ದಡದಲ್ಲಿ ತಾನು ನಡೆಸಿದ ಬದುಕಿನ ವಿಷಯ. ಬದುಕಿಗೂ ಒಂದು ಒಟ್ಟು ತೂಕವಿದೆ; ಅದರಲ್ಲಿ ಮನೆ, ಬಟ್ಟೆ, ಪೀಠೋಪಕರಣ ಎಂಬ ಪೀಪಾಯಿಯ ತೂಕವೆಷ್ಟು, ಒಳಗಿನ ಸರಕೆಷ್ಟು ಎಂಬುದೇ ಆ ಅಧ್ಯಾಯದ ಪ್ರಶ್ನೆ. ಮನೆ ಕಟ್ಟಲು ಆದ ವೆಚ್ಚ 28 ಡಾಲರ್ 12½ ಸೆಂಟ್ ಎಂದು ಅರ್ಧ ಸೆಂಟನ್ನೂ ಬಿಡದೆ ಬರೆಯುವವನು ಈ ಪದವನ್ನು ಅಲಂಕಾರಕ್ಕೆಂದು ತಂದಿರಲಾರ. ಥೋರೋ ತಮಾಷೆಗೆ ವ್ಯಾಪಾರಿಯ ವೇಷ ಹಾಕಿದ್ದಾನೆಂದು ಕೆಲವರು ಓದುತ್ತಾರೆ. ನನಗೆ ಆ ಓದು ಅರ್ಧ ಮಾತ್ರ ಸರಿ ಎನಿಸುತ್ತದೆ. ವೇಷ ತಮಾಷೆಯದಿರಬಹುದು, ಆದರೆ ಕಳೆಯುವ ಲೆಕ್ಕ ಅವನಿಗೆ ನಿಜವಾಗಿಯೂ ಬೇಕಾಗಿತ್ತು.

ಪ್ರಶ್ನೆ: ‘ವಾಲ್ಡನ್’ನಲ್ಲಿ ಟ್ರೆಟ್ಟಿನ ಭಾವ ಮತ್ತೆಲ್ಲಾದರೂ ಬರುತ್ತದೆಯೇ?

ಹೆಸರಿಲ್ಲದೆ ಬರುತ್ತದೆ, ಮತ್ತು ಅದು ನಮ್ಮ ದೇಶದವರೆಗೂ ಚಾಚುತ್ತದೆ. 1846–47ರ ಚಳಿಗಾಲದಲ್ಲಿ ಸುಮಾರು ನೂರು ಮಂದಿ ಕೆಲಸಗಾರರು ವಾಲ್ಡನ್ ಕೊಳದ ಮಂಜುಗಡ್ಡೆಯನ್ನು ಕತ್ತರಿಸಿ ತೆಗೆದರು. ಒಳ್ಳೆಯ ದಿನ ಒಂದು ಸಾವಿರ ಟನ್ ಸಿಗುತ್ತಿತ್ತೆಂದು ಅವರು ಹೇಳಿದ್ದನ್ನು ಥೋರೋ ಬರೆದುಕೊಂಡ. ರಾಶಿ ಹಾಕಿದ ಗಡ್ಡೆಯಲ್ಲಿ ನೂರಕ್ಕೆ ಇಪ್ಪತ್ತೈದರಷ್ಟೂ ಗುರಿ ಮುಟ್ಟುವುದಿಲ್ಲ, ಎರಡು ಮೂರರಷ್ಟು ರೈಲಿನ ಬಂಡಿಗಳಲ್ಲಿಯೇ ಹಾಳಾಗುತ್ತದೆ ಎಂಬ ಅಂದಾಜನ್ನೂ ದಾಖಲಿಸಿದ. ಇದು ಅಪ್ಪಟ ಟ್ರೆಟ್, ಆದರೆ ಇಪ್ಪತ್ತಾರರಲ್ಲಿ ಒಂದಲ್ಲ, ನಾಲ್ಕರಲ್ಲಿ ಮೂರು. ಹತ್ತು ಸಾವಿರ ಟನ್ನೆಂದು ಅಂದಾಜಾಗಿದ್ದ ಒಂದು ರಾಶಿಯನ್ನು ಹುಲ್ಲು ಹಲಗೆಗಳಿಂದ ಮುಚ್ಚಿದ್ದರು; ಮುಂದಿನ ಜುಲೈಯಲ್ಲಿ ಹೊದಿಕೆ ತೆಗೆದು ಒಂದು ಭಾಗವನ್ನು ಒಯ್ದ ಮೇಲೂ ಉಳಿದದ್ದು 1848ರ ಸೆಪ್ಟೆಂಬರಿನವರೆಗೆ ಪೂರ್ತಿ ಕರಗಲಿಲ್ಲ. ಹೀಗೆ ಕೊಳ ತನ್ನದರಲ್ಲಿ ಹೆಚ್ಚಿನ ಪಾಲನ್ನು ಮರಳಿ ಪಡೆಯಿತು ಎಂದು ಅವನು ಬರೆಯುತ್ತಾನೆ. ವ್ಯಾಪಾರಿ ನಷ್ಟವೆಂದು ಬರೆದುಕೊಂಡದ್ದು ಕೊಳದ ಪುಸ್ತಕದಲ್ಲಿ ಜಮೆಯಾಗಿದೆ. ಇಡೀ ಕೃತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಇದು.

ಆ ಗಡ್ಡೆಯ ವ್ಯಾಪಾರ ಕಲ್ಪನೆಯಲ್ಲ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ 180 ಟನ್ ಮಂಜುಗಡ್ಡೆಯನ್ನು ಕಲ್ಕತ್ತೆಗೆ ಕಳುಹಿಸಿದ. ನಾಲ್ಕು ತಿಂಗಳ ನಂತರ ಅಲ್ಲಿಗೆ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಮದ್ರಾಸಿನ ಸಮುದ್ರತೀರದಲ್ಲಿ ಇದೇ ಸರಕಿಗಾಗಿ ಕಟ್ಟಿದ ಐಸ್ ಹೌಸ್ ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಕಟ್ಟಡಕ್ಕೆ ಈಗ ಅವರದೇ ಹೆಸರು. ಮದ್ರಾಸು, ಬೊಂಬಾಯಿ, ಕಲ್ಕತ್ತೆಯ ಬಿಸಿಲಿನಲ್ಲಿ ಬೇಯುವವರು ತನ್ನ ಬಾವಿಯ ನೀರು ಕುಡಿಯುತ್ತಾರೆ, ವಾಲ್ಡನ್ನಿನ ನೀರು ಗಂಗೆಯೊಡನೆ ಬೆರೆಯುತ್ತದೆ ಎಂದು ಭಗವದ್ಗೀತೆಯನ್ನು ಓದುತ್ತಿದ್ದ ಥೋರೋ ಬರೆದದ್ದರ ಹಿಂದೆ ಈ ಹಡಗುಗಳಿವೆ.

ಪ್ರಶ್ನೆ: ಷೇಕ್ಸ್‌ಪಿಯರ್ ಈ ಪದವನ್ನು ಬಳಸಿದ್ದಾನೆಯೇ?

ಪದದ ಮಾತು ಬಿಡೋಣ; ವಿಚಾರವನ್ನು ಅವನಷ್ಟು ಚೂಪಾಗಿ ರಂಗಕ್ಕೆ ತಂದವರಿಲ್ಲ. ‘ವೆನಿಸ್ಸಿನ ವ್ಯಾಪಾರಿ’ ನಾಟಕದಲ್ಲಿ, ಸಾಲ ತೀರದಿದ್ದರೆ ಸಾಲಗಾರನ ಮೈಯಿಂದ ಒಂದು ಪೌಂಡು ಮಾಂಸ ಕತ್ತರಿಸಿಕೊಳ್ಳಬಹುದೆಂಬ ಕರಾರು ಶೈಲಾಕನ ಕೈಯಲ್ಲಿದೆ. ನಾಲ್ಕನೆಯ ಅಂಕದ ವಿಚಾರಣೆಯಲ್ಲಿ ಆ ಮಾಂಸವನ್ನು ತೂಗಲು ತಕ್ಕಡಿ ಇದೆಯೇ ಎಂದು ನ್ಯಾಯಶಾಸ್ತ್ರಜ್ಞನ ವೇಷದಲ್ಲಿ ಬಂದ ಪೋರ್ಷಿಯಾ ಕೇಳುತ್ತಾಳೆ. ಸಿದ್ಧವಾಗಿದೆ ಎನ್ನುತ್ತಾನೆ ಶೈಲಾಕ್. ಆಮೇಲೆ ಅವಳು ಹಾಕುವ ಷರತ್ತು, ಒಂದು ಪೌಂಡಿಗೆ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು, ತಕ್ಕಡಿ ಒಂದು ಕೂದಲೆಳೆಯಷ್ಟು ವಾಲಿದರೂ ಪ್ರಾಣವೂ ಆಸ್ತಿಯೂ ಹೋಗುತ್ತವೆ ಎಂಬುದು. ಅಂದಿನ ಯಾವ ವರ್ತಕನಿಗೂ ಇದು ನಡೆಯುವ ಮಾತಲ್ಲವೆಂದು ತಟ್ಟನೆ ಹೊಳೆದಿರಬೇಕು. ತೂಗುವ ಕೈ ಸ್ವಲ್ಪ ಜಗ್ಗುತ್ತದೆ, ಸೋರುವುದು ಸೋರುತ್ತದೆ ಎಂದು ಒಪ್ಪಿಕೊಂಡೇ ವ್ಯಾಪಾರ ನಡೆಯುವುದು. ಕರುಣೆ ತೋರದವನಿಗೆ ತೂಕದ ರಿಯಾಯಿತಿಯೂ ಇಲ್ಲ ಎನ್ನುವುದು ಅವಳ ತೀರ್ಪಿನ ತಿರುಳು.

ಪ್ರಶ್ನೆ: ಭಾರತದಲ್ಲಿ ಇಂಥ ರಿಯಾಯಿತಿಗಳಿದ್ದವೇ?

ಇಂಗ್ಲೆಂಡಿನಲ್ಲಿ ಟ್ರೆಟ್ ಎಂಬ ಹೆಸರು ಕೇಳಿಬರುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಇದ್ದವು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ತೂಕ ಮತ್ತು ಅಳತೆಗಳನ್ನು ಕುರಿತ ಅಧ್ಯಾಯದಲ್ಲಿ, ಕಾಯಿಸಿದ ತುಪ್ಪಕ್ಕೆ ಮೂವತ್ತೆರಡರಲ್ಲಿ ಒಂದು ಭಾಗ, ಎಣ್ಣೆಗೆ ಅರುವತ್ತನಾಲ್ಕರಲ್ಲಿ ಒಂದು ಭಾಗ ‘ತಪ್ತವ್ಯಾಜಿ’ ಎಂಬ ಪರಿಹಾರವನ್ನು ಹೇಳಿದೆ. ದ್ರವಗಳಿಗೆ ಐವತ್ತರಲ್ಲಿ ಒಂದು ಭಾಗ ‘ಮಾನಸ್ರಾವ’. ಅಳತೆಯ ಪಾತ್ರೆಗೆ ಅಂಟಿಕೊಂಡು, ತೊಟ್ಟಿಕ್ಕಿ ಹೋಗುವುದರ ಲೆಕ್ಕ ಅದು. ಎಣ್ಣೆಯ ಸೇರನ್ನು ಬೋರಲು ಹಾಕಿ ಕೊನೆಯ ಹನಿಗೆ ಕಾಯುವುದನ್ನು ಕಂಡವರಿಗೆ ಈ ಪದದ ನಿಖರತೆ ತಿಳಿಯುತ್ತದೆ. ಟ್ರೆಟ್‌ಗಿಂತ ಇದು ಚೆಲುವಾದ ಪದವೆಂದು ನನ್ನ ಅಭಿಪ್ರಾಯ. ಈ ಗ್ರಂಥದ ಹಸ್ತಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರ ಸಂಪಾದನೆಯಲ್ಲಿ ಪ್ರಕಟವಾಯಿತು.

ಪ್ರಶ್ನೆ: ಕನ್ನಡದ ‘ಕೊಸರು’ ಮತ್ತು ಟ್ರೆಟ್ ಒಂದೇ ಏನು?

ಹತ್ತಿರದವು, ಒಂದೇ ಅಲ್ಲ. ತೂಗಿದ ಮೇಲೆ ಮಾರುವವಳು ಹಿಡಿ ಬೀನ್ಸನ್ನೋ ಎರಡು ಹಸಿಮೆಣಸಿನಕಾಯಿಯನ್ನೋ ಮೇಲಿಂದ ಹಾಕುವುದು ಕೊಸರು. ಅದಕ್ಕೆ ನಿಗದಿಯಾದ ಪ್ರಮಾಣವಿಲ್ಲ. ಕೇಳುವವರ ಸಲಿಗೆ, ಕೊಡುವವರ ಮನಸ್ಸು ಎರಡೂ ಅದರಲ್ಲಿವೆ. ಟ್ರೆಟ್ ಹಾಗಲ್ಲ, ಅದು ಹಕ್ಕಿನ ಲೆಕ್ಕ. ಉತ್ತರ ಕರ್ನಾಟಕದ ಮಾರುಕಟ್ಟೆಗಳಲ್ಲಿ ಕೇಳಿಬರುವ ‘ಸೂಟು’ ಎಂಬುದು, ತೇವ, ಕಸ, ಚೀಲ ಎಂದು ಕ್ವಿಂಟಲಿಗೆ ಇಷ್ಟು ಕೆ.ಜಿ. ಮುರಿದುಕೊಳ್ಳುವ ಪದ್ಧತಿ, ಟ್ರೆಟ್ಟಿಗೆ ಹೆಚ್ಚು ಸಮೀಪ. ಆದರೆ ಟ್ರೆಟ್ ಇಬ್ಬರೂ ಒಪ್ಪಿದ ಅಂಕಿ; ಸೂಟು ಎಷ್ಟೆಂದು ಕೊಳ್ಳುವವನೇ ಹೇಳಿ, ಮಾರುವ ರೈತ ತಲೆಯಾಡಿಸಬೇಕಾಗಿ ಬಂದಾಗ ಅದನ್ನು ರಿಯಾಯಿತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ವರ್ಷವಿಡೀ ಬೆಳೆದದ್ದನ್ನು ತಂದವನ ಎದುರಿನಲ್ಲಿ ಎರಡು ಕೆ.ಜಿ. ಎಂಬುದು ಸಣ್ಣ ಅಂಕಿಯಲ್ಲ.

ಪ್ರಶ್ನೆ: ಕನ್ನಡ ಸಾಹಿತ್ಯದಲ್ಲಿ ಈ ಕಲ್ಪನೆಗೆ ಸಾಟಿಯಾದದ್ದು ಇದೆಯೇ?

ಪುರಂದರದಾಸರ ‘ಕಲ್ಲುಸಕ್ಕರೆ ಕೊಳ್ಳಿರೋ’ ಕೀರ್ತನೆಯನ್ನು ಈ ಕಣ್ಣಿನಿಂದ ನೋಡಬೇಕು. ಚಿನಿವಾರ ವೃತ್ತಿಯಿಂದ ಬಂದವರೆಂದು ಪರಂಪರೆ ಹೇಳುವ ದಾಸರು ಅಲ್ಲಿ ಹರಿನಾಮವನ್ನು ಸರಕಾಗಿ ಮಾರುತ್ತಾರೆ. ಅದನ್ನು ಎತ್ತಿನ ಮೇಲೆ ಹೇರಬೇಕಿಲ್ಲ, ಗೋಣಿಯೊಳಗೆ ಒತ್ತಿ ತುಂಬಬೇಕಿಲ್ಲ, ಬಾಡಿಗೆಯಿಲ್ಲ, ಸುಂಕವಿಲ್ಲ, ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಗೋಣಿ ಇಲ್ಲವೆಂದರೆ ಟೇರ್ ಇಲ್ಲ. ಕೆಡುವುದಿಲ್ಲವೆಂದರೆ ಟ್ರೆಟ್ ಇಲ್ಲ. ಒಟ್ಟು ತೂಕವೇ ನಿವ್ವಳ ತೂಕವಾಗಿರುವ ಸರಕು ಲೋಕದಲ್ಲಿ ಇಲ್ಲವೆಂದು ಬಲ್ಲ ವ್ಯಾಪಾರಿಗೆ ಮಾತ್ರ ಹೊಳೆಯುವ ರೂಪಕವಿದು. ಥೋರೋ ಕಳೆಯುತ್ತಾ ಹೋದರೆ, ದಾಸರು ಕಳೆಯಲು ಏನೂ ಇಲ್ಲದ್ದನ್ನು ತೋರಿಸುತ್ತಾರೆ.

ಪ್ರಶ್ನೆ: ಇಂದು ಈ ಪದಗಳು ಬಳಕೆಯಲ್ಲಿವೆಯೇ?

ಟ್ರೆಟ್ ಮತ್ತು ಕ್ಲಾಫ್ ನಿಘಂಟಿಗೆ ಸೇರಿದವು. ಸರಕು ಶುದ್ಧವಾಗಿ, ಕಟ್ಟಿದ ಪೊಟ್ಟಣದಲ್ಲಿ ಬರತೊಡಗಿದಾಗ ಆ ರಿಯಾಯಿತಿ ಬೆಲೆಯಲ್ಲಿಯೇ ಕರಗಿಹೋಯಿತು. ಟೇರ್ ಮಾತ್ರ ಎಲ್ಲೆಡೆ ಇದೆ. ಕಬ್ಬಿನ ಲಾರಿ ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ತುಂಬಿದಾಗ ಒಮ್ಮೆ, ಬರಿದಾದಾಗ ಒಮ್ಮೆ ನಿಲ್ಲುತ್ತದೆ. ಚೀಟಿಯಲ್ಲಿ ಗ್ರಾಸ್, ಟೇರ್, ನೆಟ್ ಎಂಬ ಮೂರು ಸಾಲುಗಳು ಬರುತ್ತವೆ. ರೈಲಿನ ಸರಕು ಬಂಡಿಯ ಪಕ್ಕದಲ್ಲಿ ಅದರ ಟೇರ್ ಬರೆದಿರುತ್ತದೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಯೂ ಅದೇ ಹೆಸರಿನ ಗುಂಡಿಯಿದೆ. ಸಿಹಿತಿಂಡಿಯ ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆಯನ್ನು ಮೊದಲು ಇಟ್ಟು ಆ ಗುಂಡಿ ಒತ್ತಿ ಸೊನ್ನೆ ಮಾಡಿದ ಮೇಲೆಯೇ ಮೈಸೂರು ಪಾಕನ್ನು ತೂಗಬೇಕೆಂದು ಕೇಳುವುದು ಗಿರಾಕಿಯ ಹಕ್ಕು.

ಪ್ರಶ್ನೆ: ಅನುವಾದಿಸುವಾಗ ‘ಟೇರ್ ಮತ್ತು ಟ್ರೆಟ್’ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು?

‘ತೂಕದ ರಿಯಾಯಿತಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅರ್ಥ ತಪ್ಪಾಗುವುದಿಲ್ಲ, ಆದರೆ ಜೋಡಿ ಒಡೆಯುತ್ತದೆ. ‘ಕಡಿತ ಮತ್ತು ಕೊಸರು’ ಎಂದರೆ ಒಂದೇ ಅಕ್ಷರದ ಆರಂಭ ಉಳಿಯುತ್ತದೆ. ಕೊಸರು ನಿಗದಿಯ ಲೆಕ್ಕವಲ್ಲವೆಂಬ ಕೊರತೆಯೂ ಉಳಿಯುತ್ತದೆ. ಕಳೆಯುವ ಎರಡು ಕಾರಣಗಳನ್ನು ಬೇರೆಬೇರೆಯಾಗಿ ಕಾಣಿಸಬೇಕಾದಾಗ ‘ಚೀಲದ ತೂಕ, ಸೋರಿದ ತೂಕ’ ಎನ್ನುವುದು ನನಗೆ ಹಿತವೆನಿಸಿದೆ. ಥೋರೋನ ಆ ಉದ್ದ ವಾಕ್ಯವನ್ನು ನಾನು ಕನ್ನಡಕ್ಕೆ ತರಲು ಕುಳಿತಾಗ ಬರೆದದ್ದು ಹೀಗೆ: ‘ಲಾಭ ನಷ್ಟ, ಬಡ್ಡಿ, ಚೀಲದ ತೂಕ, ಸೋರಿದ ತೂಕ, ಬಗೆಬಗೆಯ ಅಳತೆ.’